ಕಲ್ಲಯ್ಯ ಊದುವುದನ್ನು ಬಿಟ್ಟದ್ದು

ಕಲ್ಲಯ್ಯ ರೊಟ್ಟಿಯನ್ನು ಚೂರು ಚೂರು ಮುರಿದು ಮಜ್ಜಿಗೆಯ ಬಟ್ಟಲಿಗೆ ಹಾಕಿ, ಅದು ಮೆತ್ತಗಾಗುವುದನ್ನೇ ಕಾಯುತ್ತ ಕುಳಿತಿದ್ದ. ಒಲೆಯ ಮುಂದಿದ್ದ ಗಂಗಾದೇವಿ ಕೆಲವು ದಿನಗಳಿಂದ ಗಂಡನ ಈ ಹೊಸ ರೂಢಿಯನ್ನು ನೋಡಿಯೂ ನೋಡದವಳಂತೆ ಇದ್ದಳು. ಅವತ್ತು ಅವಳಿಗೆ ತಡೆಯಲಾಗಲಿಲ್ಲ.

“ಯಾಕ್ರೀ, ನನ್ನ ರೊಟ್ಟಿ ಅಷ್ಟು ಕೆಟ್ಟ ಆಗ್ಯಾವೇನು? ಮೊದಲ ಬಿಸಿ ರೊಟ್ಟಿ ಕೊಟ್ರ ಬ್ಯಾಡ, ಕಡಕ್ ಇರಲಿ ಅಂತಿದ್ರಿ. ಈಗ ಹಸುಗೂಸಿನಂಗ ನೆನಸಿಕೊಂಡು ಉಣ್ಣಾಕತ್ತೀರಿ.”

“ರೊಟ್ಟಿಗೇನಾಗೇತಿ? ಚಲೋ ಅದಾವ.”

“ಚಲೋ ಇದ್ರ ಇನ್ನೊಂದು ಯಾಕ ಹಾಕಿಸಿಕೊಳ್ಳವಲ್ರಿ?”

“ಹಸಿವಿಲ್ಲ, ಬಿಡು.”

ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದ ಕಲ್ಲಯ್ಯನ ತಂದೆ ಈರಯ್ಯ ಅಲ್ಲಿಂದಲೇ ಹೇಳಿದರು: “ಹಸಿವಿ ಎಲ್ಲಿಂದ ಬರಬೇಕು? ಕ್ಯಾಂಪಿನ್ಯಾಗ ಆ ಕಿರಿಸ್ತಾನ ಮಂದಿ ಮನ್ಯಾಗ ಹೊಟ್ಟಿ ತುಂಬಿಸಿಕೊಂಡು ಬರತಿರಬೇಕು.”

ಗಂಗಾದೇವಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ನೀರಿನ ಕೊಡ ಇಳಿಸುತ್ತಿದ್ದ ಮಗಳು ಕಾಂತಾ ಅಪ್ಪನ ಮುಖ ನೋಡಿದಳು. ಕಲ್ಲಯ್ಯ ಬಟ್ಟಲನ್ನೆತ್ತಿ ಕುಡಿದು, ಕೈತೊಳೆದು, ಗೂಟದ ಮೇಲಿದ್ದ ಕೋಟು ಹಾಕಿಕೊಂಡು ಹೊರಬಿದ್ದ. ಬೆಳಗಾವಿಯ ಖಾಸಬಾಗದ ಆ ಓಣಿಯಲ್ಲಿ ಮಗ್ಗಗಳ ಸಪ್ಪಳ ಆಗಲೇ ಶುರುವಾಗಿತ್ತು.

ಆ ಮನೆಯಲ್ಲಿ ಯಾರಿಗೂ ತಿಳಿಯದ ಸಂಗತಿ ಒಂದಿತ್ತು. ಕಲ್ಲಯ್ಯನ ಮುಂದಿನ ಮೇಲ್ಹಲ್ಲು ಅಳ್ಳಾಡುತ್ತಿತ್ತು.

ಬೇರೆಯವರಿಗಾದರೆ ಇದೇನು ದೊಡ್ಡ ಸುದ್ದಿಯಲ್ಲ. ನಾಲ್ವತ್ತೈದು ದಾಟಿದವನ ಹಲ್ಲು ಅಳ್ಳಾಡಿದರೆ ಕ್ಷೌರದ ಲಕ್ಷ್ಮಪ್ಪನ ಮುಂದೆ ಬಾಯಿ ತೆರೆದು ಕೀಳಿಸಿಕೊಂಡು ಬರುತ್ತಾರೆ. ಆದರೆ ಕಲ್ಲಯ್ಯ ಟ್ರಾಂಬೋನ್ ಊದುವವನು. ಉದ್ದನೆಯ ಹಿತ್ತಾಳೆಯ ಕೊಳವೆಯನ್ನು ಹಿಂದೆ ಮುಂದೆ ಎಳೆಯುತ್ತ, ಅದರ ಬಟ್ಟಲಿನಂಥ ಬಾಯಿಯನ್ನು ತುಟಿಗೆ ಒತ್ತಿ ಊದಬೇಕು. ತುಟಿಗೆ ಹಿಂದಿನಿಂದ ಆಸರೆ ಕೊಡುವುದು ಮುಂದಿನ ಎರಡು ಮೇಲ್ಹಲ್ಲು. ಅವು ಹೋದರೆ ತುಟಿ ಒಳಕ್ಕೆ ಕುಸಿಯುತ್ತದೆ, ಗಾಳಿ ಪಕ್ಕಕ್ಕೆ ಸೋರುತ್ತದೆ. ಹಿಂದೆ ತಾನಿದ್ದ ಸೈನ್ಯದ ಪಲ್ಟನ್ನಿನ ಬ್ಯಾಂಡಿನಲ್ಲಿ ಹಾಗೆ ಹಲ್ಲು ಹೋದ ಇಬ್ಬರು ಹಿರಿಯರು ಮಾರನೆಯ ದಿನದಿಂದ ತಾಳ ಬಡಿಯುತ್ತ ನಿಂತದ್ದನ್ನು ಅವನು ಕಣ್ಣಾರೆ ಕಂಡಿದ್ದ.

ಈರಯ್ಯ ಆ ಓಣಿಯ ನೇಕಾರರಿಗೆಲ್ಲ ಅಯ್ಯನವರು. ಕೂಸಿಗೆ ಲಿಂಗ ಕಟ್ಟುವುದಕ್ಕೆ, ಮದುವೆಗೆ, ಮಣ್ಣಿಗೆ ಅವರೇ ಬರಬೇಕು. ಅಂಥವರ ಒಬ್ಬನೇ ಮಗ ಹದಿನಾಲ್ಕರ ಪ್ರಾಯದಲ್ಲಿ ಬ್ರಿಟಿಷ್ ಸೈನ್ಯ ಬೀಡುಬಿಟ್ಟಿದ್ದ ಕ್ಯಾಂಪಿನ ಮೈದಾನದ ಬೇಲಿಗೆ ಜೋತುಬಿದ್ದು ಬ್ಯಾಂಡು ಕೇಳುತ್ತ ಕೇಳುತ್ತ, ಒಂದು ದಿನ ಒಳಗೇ ಹೋಗಿ ಬ್ಯಾಂಡಿಗೆ ಸೇರಿಬಿಟ್ಟ. ಬಾಯಿಗೆ ಹಚ್ಚಿ ಊದುವ ವಾದ್ಯ, ಅದೂ ಹತ್ತು ಜನರ ಎಂಜಲಾದದ್ದು ಎಂದು ಈರಯ್ಯ ಎಷ್ಟೋ ವರ್ಷ ಮಗನೊಡನೆ ಮಾತು ಬಿಟ್ಟಿದ್ದರು. ಮೊದಲ ಮಹಾಯುದ್ಧದಲ್ಲಿ ಪಲ್ಟನ್ನಿನ ಜೊತೆಗೆ ಕಲ್ಲಯ್ಯ ಇರಾಕಿನ ಬಸರಾದವರೆಗೆ ಹೋಗಿ ಬಂದ. ಯುದ್ಧ ಮುಗಿದ ಮೇಲೆ ಪಲ್ಟನ್ನು ಬೇರೆ ಊರಿಗೆ ಹೋಯಿತು, ಬ್ಯಾಂಡಿನವರನ್ನು ಕಡಿಮೆ ಮಾಡಿದರು, ಇವನು ಮನೆಗೆ ಮರಳಿದ. ಗೋವೆಯ ಮಿನೇಜಿಸ್ ಮಾಸ್ತರರು ಕ್ಯಾಂಪಿನ ಚಿತ್ರಮಂದಿರದಲ್ಲಿ ಒಂದು ಸಣ್ಣ ಆರ್ಕೆಸ್ಟ್ರಾ ಕಟ್ಟಿಕೊಂಡಿದ್ದರು. ಪರದೆಯ ಮೇಲೆ ಮಾತಿಲ್ಲದ ಚಿತ್ರ ಓಡುತ್ತಿದ್ದರೆ ಕೆಳಗೆ ಇವರು ಕುಳಿತು ಬಾರಿಸಬೇಕು. ಕುದುರೆ ಓಡಿದರೆ ಓಡಬೇಕು, ನಾಯಕಿ ಅತ್ತರೆ ಅಳಬೇಕು. ಮಾಸ್ತರರು ತಮ್ಮದೇ ಟ್ರಾಂಬೋನನ್ನು ಕಲ್ಲಯ್ಯನ ಕೈಗೆ ಕೊಟ್ಟು ಸೇರಿಸಿಕೊಂಡರು. ಅದರ ಜೊತೆಗೆ ವಾರಕ್ಕೆರಡು ಸಲ ರೈಲು ಹತ್ತಿ ಖಾನಾಪುರದ ಒಂದು ಸಾಲೆಗೆ ಹೋಗಿ ಹುಡುಗರಿಗೆ ಹಾಡು ಹೇಳಿಕೊಡುವ ಕೆಲಸವೂ ಸಿಕ್ಕಿತು. ಹೀಗೆ ಇಪ್ಪತ್ತೇಳನೆಯ ಇಸವಿಯವರೆಗೆ ಸಂಸಾರ ನಡೆದುಕೊಂಡು ಬಂದಿತ್ತು.

ಆ ಸಂಜೆ ಆಟ ಶುರುವಾಗುವ ಮೊದಲು ಮಿನೇಜಿಸ್ ಮಾಸ್ತರರು ಎಲ್ಲರನ್ನೂ ಪಿಯಾನೋದ ಸುತ್ತ ಕರೆದರು.

“ಮುಂಬೈದಾಗ ದೊಡ್ಡ ಹೋಟೆಲ್ಲಿನವರು ನಮ್ಮನ್ನ ಕರದಾರ,” ಅವರು ಅರ್ಧ ಕೊಂಕಣಿ, ಅರ್ಧ ಕನ್ನಡದಲ್ಲಿ ಹೇಳಿದರು. “ಇಲ್ಲಿಯಂಗ ಕುದುರಿ ಹಿಂದ ಓಡೂದಲ್ಲ. ಖರೇ ಸಂಗೀತ. ದೊಡ್ಡ ಆರ್ಕೆಸ್ಟ್ರಾ, ಇಪ್ಪತ್ತು ಮಂದಿ. ಹೋಳಿ ಆದ ಮ್ಯಾಲ ಹೊರಡೂದು. ಕಲ್ಲಯ್ಯಾ, ನೀ ಬರಬೇಕು. ನಿನ್ನ ಟ್ರಾಂಬೋನ್ ಬಾಜು ಇನ್ನೂ ಎರಡು ಇರತಾವ ಅಲ್ಲಿ.”

ಕಲ್ಲಯ್ಯ ಹಿಗ್ಗಿಹೋದ. ಬಸರಾದಿಂದ ಬಂದ ಮೇಲೆ ತನ್ನ ಪಕ್ಕದಲ್ಲಿ ಇನ್ನೊಂದು ಟ್ರಾಂಬೋನಿನ ದನಿಯನ್ನು ಅವನು ಕೇಳಿರಲಿಲ್ಲ. ಬೆಳಗಾವಿಯಲ್ಲಿ ಅದನ್ನು ಊದುವವರು ಬೇರೆ ಯಾರೂ ಅವನಿಗೆ ಗೊತ್ತಿರಲಿಲ್ಲ. ಆ ವಿಷಯ ಯಾರ ಹತ್ತಿರವಾದರೂ ಮಾತಾಡೋಣವೆಂದರೂ ಒಬ್ಬರಿರಲಿಲ್ಲ.

“ಬರತೀನ್ರಿ,” ಅಂದ. ಅನ್ನುವಾಗ ನಾಲಿಗೆ ತಾನಾಗಿಯೇ ಹಲ್ಲಿನ ಹಿಂದೆ ಹೋಗಿ ಮುಟ್ಟಿ ನೋಡಿತು.

ಮನೆಯಲ್ಲಿ ಈ ಸುದ್ದಿ ಹೇಳಲು ಅವನು ಹೊತ್ತು ಹುಡುಕುತ್ತಿದ್ದ. ಹೊತ್ತು ಸಿಗಲಿಲ್ಲ. ಯಾಕೆಂದರೆ ಅದೇ ವಾರ ಕಾಂತಾಳಿಗೆ ಪಾರಿಶ್ವಾಡದಿಂದ ಸಂಬಂಧ ಬಂದಿತು. ಹುಡುಗನಿಗೆ ತಂದೆಯಿಲ್ಲ, ದೊಡ್ಡಪ್ಪ ರಾಚಯ್ಯನವರೇ ಮನೆಯ ಹಿರಿಯರು. ಮಠದ ಮಾನ್ಯದ ಹೊಲ, ಮನೆಯ ತುಂಬ ದನ, ಹುಡುಗ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವನು. ಗಂಗಾದೇವಿ ಬೇಳೆ ಆರಿಸುತ್ತಿದ್ದರೂ, ಕಸ ಗುಡಿಸುತ್ತಿದ್ದರೂ ಅದೇ ಮಾತು.

“ಹೋಳಿ ಆದ ಮ್ಯಾಲ ಲಗ್ನ ಅಂತಾರ. ನೀವು ಅಷ್ಟರಾಗ ಆ ಸಿನೇಮಾದ ಕೆಲಸ ಬಿಟ್ಟಬಿಡ್ರಿ. ಬೀಗರು ಬಂದು ಹೋಗೂ ಮನಿ, ‘ಮಾವ ಏನ ಮಾಡತಾನ?’ ಅಂದ್ರ ಏನ ಹೇಳೂದು? ಖಾನಾಪುರದ ಸಾಲಿ ಮಾಸ್ತರ ಅಂದ್ರ ಮರ್ಯಾದಿ ಇರತೈತಿ.”

“ಸಾಲಿ ವಾರದಾಗ ಎರಡು ದಿನ ಐತಿ. ಉಳಿದ ದಿನ ಏನ ಮಾಡಲಿ?”

“ಮಾವಾರ ಕೂಡ ಹೋಗ್ರಿ. ಅವರಿಗೆ ಕಣ್ಣು ಕಾಣವಲ್ಲವು. ಅಯ್ಯತನ ಮನಿಯಾಗ ಉಳೀಬೇಕೋ ಬ್ಯಾಡೋ?”

ಕಲ್ಲಯ್ಯ ಹಿತ್ತಲಿಗೆ ಹೋಗಿ ಟ್ರಾಂಬೋನ್ ತೆಗೆದ. ದಿನಾ ಬೆಳಿಗ್ಗೆ ಸ್ವಲ್ಪ ಹೊತ್ತು ಊದದಿದ್ದರೆ ತುಟಿ ಸಡಿಲಾಗುತ್ತದೆ. ಮನೆಯವರು ಕೇಳಿದ್ದು ಇದಷ್ಟೇ: ಒಂದು ಉದ್ದನೆಯ ಸ್ವರ, ಬಹಳ ಹೊತ್ತು ಏನೂ ಇಲ್ಲ, ಮತ್ತೆ ಎರಡು ಗಿಡ್ಡ ಸ್ವರ. ಇಡೀ ಹಾಡು ಆರ್ಕೆಸ್ಟ್ರಾದ ಎಲ್ಲರೂ ಸೇರಿದಾಗ ಆಗುವಂಥದ್ದು, ಇವನ ಪಾಲಿಗೆ ಬಂದಿದ್ದು ಅಷ್ಟು. ಮಧ್ಯದ ಸುಮ್ಮನಿರುವ ಹೊತ್ತಿನಲ್ಲಿ ಅವನು ತಲೆಯೊಳಗೆ ಪಿಟೀಲು, ಕ್ಲಾರಿಯೋನೆಟ್ಟುಗಳನ್ನು ಕೇಳಿಕೊಳ್ಳುತ್ತಿದ್ದ. ಹೊರಗಿನವರಿಗೆ ಮಾತ್ರ ಯಾರೋ ಎಮ್ಮೆಯನ್ನು ಕರೆದು, ಅದು ಬರಲಿಲ್ಲವೆಂದು ಮತ್ತೆ ಕರೆದಂತೆ ಇರುತ್ತಿತ್ತು. ಮದುವೆಯಾದ ಹೊಸದರಲ್ಲಿ ಒಮ್ಮೆ ಅವನು ಗಂಗಾದೇವಿಗೆ, “ಒಂದ ಸಲ ಮೈದಾನಕ್ಕ ಬಾ, ಎಲ್ಲಾ ಕೂಡಿ ಬಾರಿಸಿದಾಗ ಕೇಳು,” ಅಂದಿದ್ದ. “ಆ ಗೋರಾ ಸಾಹೇಬರ ಮಂದ್ಯಾಗ ನಾ ಎಲ್ಲಿ ನಿಂದರಲಿ?” ಅಂದಿದ್ದಳು ಅವಳು. ಅವನು ಮತ್ತೆ ಕರೆದಿರಲಿಲ್ಲ.

ಅವತ್ತು ಎತ್ತರದ ಸ್ವರಕ್ಕೆ ಒತ್ತಿದಾಗ ಹಲ್ಲಿನ ಬುಡದಿಂದ ಮೂಗಿನವರೆಗೆ ಚುಚ್ಚಿದಂತಾಯಿತು. ಕೆಳಗಿಳಿಸಿ ನೋಡಿದ. ವಾದ್ಯದ ಬಾಯಿಯ ಬಟ್ಟಲಿಗೆ ಸಣ್ಣ ಕೆಂಪು ಗೆರೆ ಹತ್ತಿತ್ತು. ಕಾಂತಾ ಹಿತ್ತಲ ಬಾಗಿಲಿಗೆ ಬಂದಳು.

“ಯಾಕಪ್ಪಾ, ಅರ್ಧಕ್ಕ ಬಿಟ್ಟಿ?”

“ಆತು, ಇವತ್ತಿಗೆ ಸಾಕು,” ಎಂದು ಅವನು ಅಂಗೈಯಿಂದ ಒರೆಸಿ ಪೆಟ್ಟಿಗೆ ಮುಚ್ಚಿದ.

ಖಾನಾಪುರದ ಹೆಡ್ ಮಾಸ್ತರ ದಿಗಂಬರರಾಯರಿಗೆ ಕಲ್ಲಯ್ಯ ಅಂದರೆ ಇಷ್ಟ. ಮನೆಯಲ್ಲಿ ಮರಾಠಿ, ಸಾಲೆಯಲ್ಲಿ ಕನ್ನಡ ಆಡುವ ಮನುಷ್ಯ. ಆ ಶುಕ್ರವಾರ ಪಾಠ ಮುಗಿದ ಮೇಲೆ ಅವನನ್ನು ಕೂಡಿಸಿಕೊಂಡು ಚಹಾ ತರಿಸಿದರು.

“ಮುಂದಿನ ವರ್ಷದಿಂದ ಪೂರಾ ಕೆಲಸಕ್ಕ ಬರ್ರಿ. ಸಾಲಿ ಹಿಂದ ಒಂದು ಖೋಲಿ ಐತಿ, ಅದನ್ನ ಕೊಡಸ್ತೀನಿ. ಹುಡುಗರಿಗೆ ದಿನಾ ಸರಿಗಮ ಆಗಬೇಕು.”

“ವಿಚಾರ ಮಾಡಿ ಹೇಳತೀನ್ರಿ, ರಾಯರ.”

“ವಿಚಾರ ಏನ ಬಂತು ಇದರಾಗ? ಚಹಾ ತಣ್ಣಗಾತು ನೋಡ್ರಿ, ಕುಡೀರಿ.”

ಕಲ್ಲಯ್ಯ ಚಹಾ ತಣ್ಣಗಾಗಲೆಂದೇ ಕಾಯುತ್ತಿದ್ದ. ಬಿಸಿ ತಾಗಿದರೆ ಹಲ್ಲು ಝುಂ ಎನ್ನುತ್ತಿತ್ತು.

ಹೀಗೆ ಒಂದು ಹಲ್ಲು ಉಳಿಸಿಕೊಳ್ಳುವುದೇ ಅವನ ದಿನದ ಕೆಲಸವಾಯಿತು. ಬೇವಿನ ಕಡ್ಡಿ ಬಿಟ್ಟು ಬೂದಿಯಿಂದ ಉಜ್ಜಿದ. ಮಾತಾಡುವಾಗ ತುಟಿ ಅಲ್ಲಾಡಿಸುವುದನ್ನು ಕಡಿಮೆ ಮಾಡಿದ. ಆಟಕ್ಕೆ ಮುಂಚೆ ಮಿನೇಜಿಸ್ ಮಾಸ್ತರರ ಮನೆಗೆ ಹೋಗಿ, ಗಂಟಲು ಕಟ್ಟಿದೆ ಎಂದು ಸುಳ್ಳು ಹೇಳಿ, ಅವರ ಹೆಂಡತಿಯಿಂದ ಬಿಸಿ ಉಪ್ಪುನೀರು ಇಸಿದುಕೊಂಡು, ಉಗುರುಬೆಚ್ಚಗೆ ಆರಿಸಿ ಬಾಯಿ ಮುಕ್ಕಳಿಸುತ್ತಿದ್ದ. ಮನೆಯಲ್ಲಿ ಉಪ್ಪುನೀರು ಕೇಳಿದರೆ ಯಾಕೆಂದು ಕೇಳುತ್ತಾರೆ. ಹೇಳಿದರೆ ಸಂಜೆಯೊಳಗೆ ಲಕ್ಷ್ಮಪ್ಪ ಇಕ್ಕಳ ಹಿಡಿದು ಬಂದು ನಿಲ್ಲುತ್ತಾನೆ. ಅಪ್ಪನೇ ಕರೆಸುತ್ತಾನೆ.

ಎದುರು ಮನೆಯ ನೇಕಾರ ತಮ್ಮಣ್ಣ ಸೀರೆಗಳ ಗಂಟು ಹೊತ್ತು ಕ್ಯಾಂಪಿನ ಅಂಗಡಿಗಳಿಗೆ ಹೋಗಿ ಬರುವವನು. ಅವನ ಕಣ್ಣಿಗೆ ಒಂದು ಸಂಜೆ ಕಂಡದ್ದು ಇಷ್ಟು: ಕಿರಿಸ್ತಾನರ ಮನೆಯ ಪಡಸಾಲೆಯಲ್ಲಿ ಈರಯ್ಯನವರ ಮಗ ಕುರ್ಚಿಯ ಮೇಲೆ ಕುಳಿತಿದ್ದಾನೆ, ಕೈಯಲ್ಲಿ ಹೊಗೆಯಾಡುವ ಬಟ್ಟಲು, ಒಳಗಿನಿಂದ ಮೀನು ಹುರಿಯುವ ವಾಸನೆ. ಮಾರನೆಯ ದಿನ ಮಗ್ಗದಿಂದ ಮಗ್ಗಕ್ಕೆ ಆ ಬಟ್ಟಲು ಓಡಾಡಿತು. ಅದರಲ್ಲಿ ಏನಿತ್ತು ಎನ್ನುವುದನ್ನು ಒಬ್ಬೊಬ್ಬರು ಒಂದೊಂದು ಹೇಳಿದರು.

ಎರಡು ದಿನಕ್ಕೆ ಆ ಮಾತು ಈರಯ್ಯನವರಿಗೆ ಮುಟ್ಟಿತು. ಕಲ್ಲಯ್ಯ ಊಟಕ್ಕೆ ಕುಳಿತಾಗ ಅವರು ಗೋಡೆ ಹಿಡಿದುಕೊಂಡು ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತರು.

“ಏನ ತಿಂದಿ ಅವರ ಮನ್ಯಾಗ?”

“ಏನೂ ತಿಂದಿಲ್ಲಪ್ಪಾ.”

“ತಮ್ಮಣ್ಣ ಕಣ್ಣಿಲೆ ನೋಡ್ಯಾನ. ಬಟ್ಟಲ ಹಿಡಕೊಂಡು ಕುಂತಿದ್ಯಂತ.”

“ಬಿಸಿನೀರು ಇತ್ತು.”

“ಬಿಸಿನೀರು ಕುಡ್ಯಾಕ ಖಾಸಬಾಗದಿಂದ ಕ್ಯಾಂಪಿಗೆ ಹೋಗತಾರೇನೋ? ನಿನ್ನ ಹೇಂತಿ ನೀರು ಕಾಸಿ ಕೊಡಂಗಿಲ್ಲ?”

ಕಲ್ಲಯ್ಯ ತಲೆ ಬಗ್ಗಿಸಿ ಮಜ್ಜಿಗೆಯಲ್ಲಿದ್ದ ರೊಟ್ಟಿಯನ್ನು ಬೆರಳಿನಿಂದ ಒತ್ತಿದ. ಗಂಗಾದೇವಿ ಗಂಡನ ಕಡೆ ನೋಡದೆ ಮಾವನಿಗೆ ಹೇಳಿದಳು: “ಕೇಳ್ರಿ, ನೀವ ಕೇಳ್ರಿ. ನಾ ಕೇಳಿದ್ರ ಹಸಿವಿಲ್ಲ ಅಂತಾರ. ಒಂದು ತಿಂಗಳಾತು ನನ್ನ ಕೈಯಾನ ರೊಟ್ಟಿ ಕಡದಿಲ್ಲ.”

“ನೀನೂ ಹಂಗ ತಿಳಕೊಂಡ್ಯೇನು?” ಕಲ್ಲಯ್ಯ ಕೇಳಿದ.

“ಮತ್ತ ಹೆಂಗ ತಿಳಕೊಳ್ಳಲಿ? ನೀವು ಹೇಳ್ರಿ, ಹಂಗ ತಿಳಕೋತೀನಿ.”

ಅವನು ಕೈತೊಳೆಯಲು ಎದ್ದ. ಹೋಳಿ ಹಬ್ಬಕ್ಕೆ ಇನ್ನೂ ಕೆಲವು ವಾರ ಇತ್ತು. ಮುಂಬೈಗೆ ಹೋಗಿ ಒಂದೇ ಒಂದು ತಿಂಗಳು, ಎರಡು ಟ್ರಾಂಬೋನುಗಳ ನಡುವೆ ಕುಳಿತು ಬಾರಿಸಿದರೂ ಸಾಕು, ಆಮೇಲೆ ಹಲ್ಲು ತಾನಾಗಿ ಬೀಳಲಿ ಎಂದು ಅವನು ಎಣಿಸಿಕೊಂಡಿದ್ದ. ಅವತ್ತಿನಿಂದ ಈರಯ್ಯ ಮಗನ ಸಾಲಿನಲ್ಲಿ ಊಟಕ್ಕೆ ಕೂಡಲಿಲ್ಲ. ಗಂಗಾದೇವಿ ಅವನಿಗೆ ಬಡಿಸಿ ದೂರ ಹೋಗಿ ನಿಲ್ಲುತ್ತಿದ್ದಳು. ಅವನ ತಾಟನ್ನು ಬೇರೆ ತೊಳೆಯತೊಡಗಿದಳು. ಕಾಂತಾ ಒಬ್ಬಳೇ ಹತ್ತಿರ ಕುಳಿತು ಚಟ್ನಿಯ ಬಟ್ಟಲು ಸರಿಸುತ್ತಿದ್ದಳು. 

ಪಾರಿಶ್ವಾಡದಿಂದ ರಾಚಯ್ಯನವರು ಮಾತು ಮುಗಿಸಲು ಬರುತ್ತೇವೆ ಎಂದು ಹೇಳಿ ಕಳುಹಿಸಿದರು. ‘ಮುಗಿಸಲು’ ಅಂದರೆ ಗೊತ್ತು ಮಾಡಲೋ, ಬಿಡಲೋ ಯಾರಿಗೂ ತಿಳಿಯಲಿಲ್ಲ. ಗಂಗಾದೇವಿ ಬೆಳಗಿನಿಂದ ಹೂರಣ ಅರೆದಳು, ಹೋಳಿಗೆ ಮಾಡಿದಳು, ಬದನೆಕಾಯಿಗೆ ಮಸಾಲೆ ತುಂಬಿದಳು. ಸುಟ್ಟು ಒಣಗಿಸಿದ ಕಡಕ್ ರೊಟ್ಟಿಗಳನ್ನು ಬುಟ್ಟಿಯಲ್ಲಿ ಜೋಡಿಸಿಟ್ಟಳು. ರಾಚಯ್ಯನವರ ಜೊತೆಗೆ ಇನ್ನಿಬ್ಬರು ಹಿರಿಯರು ಚಕ್ಕಡಿಯಿಂದ ಇಳಿದರು. ಕೈಕಾಲು ತೊಳೆದು, ಲಿಂಗಪೂಜೆ ಮುಗಿಸಿ ಎಲ್ಲರೂ ಸಾಲಾಗಿ ಕುಳಿತರು. ಬೀಗರ ಎದುರಿಗೆ ಈರಯ್ಯ ಬೇರೆ ಕೂಡುವಂತಿರಲಿಲ್ಲ. ಬಹಳ ದಿನದ ಮೇಲೆ ತಂದೆ ಮಗ ಅಕ್ಕಪಕ್ಕ ಕುಳಿತರು.

ತಾಟುಗಳಿಗೆ ಎಲ್ಲ ಬಡಿಸಿಯಾಯಿತು. ರಾಚಯ್ಯನವರು ಕೈ ಮುಂದೆ ಮಾಡಲಿಲ್ಲ.

“ಉಣ್ಣೂಕಿಂತ ಮೊದಲ ಒಂದು ಮಾತು ಈರಯ್ಯನವರ. ಊರಾಗ ಒಂದು ಸುದ್ದಿ ಅಡ್ಡಾಡತೈತಿ. ನಿಮಗೂ ಗೊತ್ತಿರಬೇಕು.”

“ಗೊತ್ತೈತಿ,” ಈರಯ್ಯ ನೆಲ ನೋಡುತ್ತ ಹೇಳಿದರು. “ಅಂವ ಇಲ್ಲೇ ಕುಂತಾನ. ಕೇಳ್ರಿ.”

ಕಲ್ಲಯ್ಯ ಎದೆಯ ಮೇಲಿನ ಲಿಂಗವನ್ನು ಕೈಯಲ್ಲಿ ಹಿಡಿದ. “ಲಿಂಗ ಮುಟ್ಟಿ ಹೇಳತೀನಿ. ಅವರ ಮನ್ಯಾಗ ನಾ ಒಂದ ತುತ್ತು ತಿಂದಿಲ್ಲ.”

“ನಾ ನಂಬತೀನ್ರಿ,” ಅಂದರು ರಾಚಯ್ಯ. “ಆದ್ರ ನಾಳೆ ಓಣ್ಯಾಗ ಮಂದಿ ಕೇಳತಾರ. ತಿಂದಿಲ್ಲ ಅಂದ್ರ ಮನ್ಯಾಗ ಯಾಕ ಉಣ್ಣಂಗಿಲ್ಲ? ಅಲ್ಲಿ ಬಟ್ಟಲ ಹಿಡಕೊಂಡು ಯಾಕ ಕುಂತಿದ್ದ? ಅದಕ್ಕ ನಾ ಏನ ಹೇಳಲಿ?”

ಕಲ್ಲಯ್ಯ ಲಿಂಗದಿಂದ ಕೈ ತೆಗೆದ. ಆಮೇಲೆ, “ಹಲ್ಲು ಅಳ್ಳಾಡಾಕತ್ತೈತ್ರಿ. ಉಪ್ಪುನೀರಿಲೆ ಬಾಯಿ ಮುಕ್ಕಳಿಸಾಕ ಹೋಗತಿದ್ದೆ,” ಎಂದ.

ರಾಚಯ್ಯನವರ ಜೊತೆಗೆ ಬಂದವರಲ್ಲಿ ಒಬ್ಬರು ನಕ್ಕರು. ರಾಚಯ್ಯ ನಗಲಿಲ್ಲ. “ನೋಡ್ರಿ, ಮನ್ನೆ ನಮ್ಮ ಹುಡುಗ ಬೆಳಗಾವಿಗೆ ಬಂದಾಂವ ಕ್ಯಾಂಪಿನ ಸಿನೇಮಾಕ್ಕ ಹೋಗಿದ್ದ. ನೀವು ಊದೂದನ್ನ ಅಂವನ ಕೇಳ್ಯಾನ. ಮಂದಿರ ಎಲ್ಲಾ ಗುಡಗತಿತ್ತಂತ. ಹಲ್ಲು ಅಳ್ಳಾಡೋ ಮನಷ್ಯಾ ಹಂಗ ಊದತಾನೇನ್ರಿ? ಬ್ಯಾರೆ ಏನರ ಇದ್ರ ಹೇಳಿಬಿಡ್ರಿ, ಹಿಂಗ ಸುಳ್ಳ ಬ್ಯಾಡ.”

 ಹೊರಗೆ ಎತ್ತುಗಳ ಕೊರಳಗಂಟೆ ಕೇಳುತ್ತಿತ್ತು. ಕಲ್ಲಯ್ಯ ತಲೆಯೆತ್ತಿದ. ಅಡುಗೆಮನೆಯ ಬಾಗಿಲಲ್ಲಿ ಕಾಂತಾ ತುಪ್ಪದ ಗಿಂಡಿ ಹಿಡಿದು ನಿಂತಿದ್ದಳು. ಅವಳ ಮುಖದ ಬಣ್ಣ ಹೋಗಿತ್ತು. ಅವಳ ಹಿಂದೆ ಗಂಗಾದೇವಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

ಕಲ್ಲಯ್ಯ ತಾಟಿನಲ್ಲಿದ್ದ ರೊಟ್ಟಿಯನ್ನು ಎತ್ತಿಕೊಂಡ. ಮುರಿಯಲಿಲ್ಲ. ಅದರ ಅಂಚನ್ನು ಮುಂದಿನ ಹಲ್ಲುಗಳ ನಡುವೆ ಇಟ್ಟು, ಕಣ್ಣು ಮುಚ್ಚಿ, ಜೋರಾಗಿ ಕಚ್ಚಿ ಎಳೆದ.

ರೊಟ್ಟಿ ಮುರಿದ ಸಪ್ಪಳ ಎಲ್ಲರಿಗೂ ಕೇಳಿಸಿತು. ಅವನು ಬಗ್ಗಿ ಅಂಗೈಗೆ ಉಗುಳಿದ. ರೊಟ್ಟಿಯ ಚೂರು, ರಕ್ತ, ಅದರ ನಡುವೆ ಉದ್ದ ಬೇರಿನ ಹಲ್ಲು. ಅದನ್ನು ರಾಚಯ್ಯನವರ ಮುಂದೆ ಚಾಚಿ ಹಿಡಿದ. ಗಲ್ಲದಿಂದ ಇಳಿದ ರಕ್ತ ಬಿಳಿ ಅಂಗಿಯ ಮೇಲೆ ಬಿತ್ತು.

“ಶಿವ ಶಿವಾ,” ಎಂದು ರಾಚಯ್ಯನವರು ಎದ್ದೇ ಬಿಟ್ಟರು. “ಏನ ಮಾಡಿಕೊಂಡ್ರಿ ಇದು! ತಪ್ಪಾತ್ರಿ, ನಂದು ತಪ್ಪಾತು. ಯವ್ವಾ, ನೀರು ತಗೊಂಡ ಬಾ.”

ಈರಯ್ಯನವರಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಮಗನ ಕೈಹಿಡಿದು ಬೆರಳಿನಿಂದ ಹಲ್ಲನ್ನು ಮುಟ್ಟಿ ನೋಡಿದರು. ಅವರ ಮುಖ ಅರಳಿತು. “ನಮ್ಮ ಕಲ್ಲಯ್ಯ ಅಂಥವಾ ಅಲ್ಲ. ನಾ ಮೊದಲಿಂದ ಅಂದಿದ್ದೆ,” ಅಂದರು. ಅವರು ಹಾಗೆ ಎಂದೂ ಅಂದಿರಲಿಲ್ಲ. ಆದರೆ ಆ ಹೊತ್ತಿನಲ್ಲಿ ಅವರು ಅದನ್ನು ನಂಬಿದ್ದರು.

ಕಲ್ಲಯ್ಯ ಹಿತ್ತಲಿಗೆ ಹೋಗಿ ಬಚ್ಚಲ ಕಲ್ಲಿನ ಮೇಲೆ ಕುಳಿತ. ಒಳಗೆ ಬೀಗರು ಊಟಕ್ಕೆ ಕುಳಿತರು. ಹೋಳಿಗೆಗೆ ತುಪ್ಪ ಕೇಳಿದ್ದು, ಬದನೆಕಾಯಿ ಹೊಗಳಿದ್ದು, ಮುಹೂರ್ತ ಯಾವಾಗ ಇಡೋಣ ಎಂದದ್ದು ಎಲ್ಲ ಅಲ್ಲಿಗೆ ಕೇಳುತ್ತಿತ್ತು. ಅವನು ಉಗುಳುತ್ತ, ನಾಲಿಗೆಯಿಂದ ಆ ತೂತನ್ನು ಮುಟ್ಟುತ್ತ ಕುಳಿತಿದ್ದ. ನಾಲಿಗೆ ಅಲ್ಲಿ ನಿಲ್ಲದೆ ಹೊರಗೆ ಹೋಗುತ್ತಿತ್ತು.

ಬೀಗರು ಹೊರಟ ಮೇಲೆ ಗಂಗಾದೇವಿ ರಕ್ತ ನಿಲ್ಲಲೆಂದು ಪಟಿಕದ ನೀರು ತಂದು ಎದುರಿಗೆ ಕುಳಿತಳು.

“ಒಂದ ಮಾತು ಹೇಳಿದ್ರ ನಾ ಮೆತ್ತಗ ಮಾಡಿ ಹಾಕತಿದ್ದಿಲ್ಲೇನ್ರೀ?”

“ಮೆತ್ತಗ ಮಾಡಿ ಹಾಕತಿದ್ದಿ. ಊದಬ್ಯಾಡ್ರಿ ಅಂತಿದ್ದಿ.”

ಗಂಗಾದೇವಿ ವಿಚಾರ ಮಾಡಿದಳು. ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲ. “ಅಂತಿದ್ದೆ,” ಅಂದಳು. ಆಮೇಲೆ ಅಂದಳು: “ಇನ್ನ ಊದಾಕ ಬರಂಗಿಲ್ಲೇನು?”

ಅವನು ತಲೆ ಅಲ್ಲಾಡಿಸಿದ.

“ಲಗ್ನ ಗೊತ್ತಾತಲ್ಲ, ಕಾಂತಾಂದು. ಅದಕ್ಕಿಂತ ಏನ ಬೇಕು?” ಅವಳು ಸಮಾಧಾನಕ್ಕೆಂದೇ ಹೇಳಿದಳು. ಅವನು ನೀರು ಬಾಯಿಗೆ ಹಾಕಿಕೊಂಡು ಹೌದೆನ್ನುವಂತೆ ಕಣ್ಣು ಮುಚ್ಚಿ ತೆರೆದ.

ಗಾಯ ಮಾಯುವುದರೊಳಗೆ ಆಸರೆ ಕಳೆದುಕೊಂಡ ಪಕ್ಕದ ಹಲ್ಲೂ ಬಿದ್ದಿತು. ಊತ ಇಳಿದ ದಿನ ಅವನು ಟ್ರಾಂಬೋನಿನ ಪೆಟ್ಟಿಗೆ ಹೊತ್ತು ಮಿನೇಜಿಸ್ ಮಾಸ್ತರರ ಮನೆಗೆ ಹೋದ. ಬಾಯಿ ತೆರೆದು ತೋರಿಸಿದ. ಮಾಸ್ತರರು ಬಹಳ ಹೊತ್ತು ನೋಡಿ, “ಊದು, ಕೇಳೂಣು,” ಎಂದರು.

ಅವನು ಊದಿದ. ಮೊದಲು ಗಾಳಿ ಮಾತ್ರ ಬಂತು. ಆಮೇಲೆ ಒಂದು ಸ್ವರ ಬಂದು ಒಡೆಯಿತು. ಮೂರನೆಯ ಸಲ ಅವನ ಕಣ್ಣಲ್ಲಿ ನೀರು ಬಂದದ್ದು ನೋವಿಗೋ ಬೇರೆ ಯಾವುದಕ್ಕೋ ಮಾಸ್ತರರು ಕೇಳಲಿಲ್ಲ. ವಾದ್ಯವನ್ನು ತಾವೇ ಅವನ ಕೈಯಿಂದ ತೆಗೆದುಕೊಂಡು, ನೀರು ಬಸಿದು, ಬಟ್ಟೆಯಿಂದ ಒರೆಸಿ ಪೆಟ್ಟಿಗೆಯಲ್ಲಿಟ್ಟರು.

“ಕಟ್ಟಿದ ಹಲ್ಲಿನ ಮ್ಯಾಲ ಆಗಂಗಿಲ್ಲ ಕಲ್ಲಯ್ಯಾ. ನಿನಗೂ ಗೊತ್ತೈತಿ.”

“ಗೊತ್ತೈತ್ರಿ.”

“ಹುಬ್ಬಳ್ಳಿಯೊಳಗ ರೈಲ್ವೆ ಬ್ಯಾಂಡಿನಾಂವ ಒಬ್ಬ ಅದಾನ. ಅಂವಗ ಬಾ ಅಂತ ತಂತಿ ಕಳಸತೀನಿ.” ಮಾಸ್ತರರು ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತರು. ಅವರ ಹೆಂಡತಿ ಅಭ್ಯಾಸದಂತೆ ಬಿಸಿ ಉಪ್ಪುನೀರಿನ ಬಟ್ಟಲು ತಂದಿಟ್ಟು ಒಳಗೆ ಹೋದರು.

ಹೋಳಿಯ ನಂತರ ಕಾಂತಾಳ ಮದುವೆಯಾಯಿತು. ಪಾರಿಶ್ವಾಡದಲ್ಲಿ ಅವಳನ್ನು ಮನೆ ತುಂಬಿಸಿ ಬಂದ ಮೇಲೆ ಖಾಸಬಾಗದ ಮನೆಯಲ್ಲಿ ಮೂರು ಜನ ಉಳಿದರು. ಈರಯ್ಯ ಈಗ ಮಗನ ಪಕ್ಕದಲ್ಲೇ ಊಟಕ್ಕೆ ಕೂಡುತ್ತಿದ್ದರು. ಬಂದವರಿಗೆಲ್ಲ ಮಗ ರೊಟ್ಟಿ ಕಚ್ಚಿದ ಕಥೆ ಹೇಳುತ್ತಿದ್ದರು. ತಮ್ಮಣ್ಣ ಬಂದು ಕೈಮುಗಿದು ಹೋದ. ಗಂಗಾದೇವಿ ಜೋಳದ ನುಚ್ಚು ಕುದಿಸಿ, ಹಾಲು ಹಾಕಿ, ಬಿಸಿ ಆರಿಸಿ ಕೊಡುತ್ತಿದ್ದಳು. ಎಲ್ಲರೂ ಅವನೊಡನೆ ಚೆನ್ನಾಗಿದ್ದರು. ಅವನು ಮಾತ್ರ ಆ ವಾರಗಳಲ್ಲಿ ಹೂಂ, ಊಹೂಂ ಬಿಟ್ಟು ಹೆಚ್ಚು ಮಾತಾಡಲಿಲ್ಲ. ಬೆಳಗಿನ ಹೊತ್ತು ಹಿತ್ತಲಿಗೆ ಹೋಗುತ್ತಿದ್ದ, ಕೈಯಲ್ಲಿ ಏನೂ ಇಲ್ಲವೆಂದು ನೆನಪಾಗಿ ಗಿಡಗಳಿಗೆ ನೀರು ಹಾಕಿ ಬರುತ್ತಿದ್ದ.

“ಮನಿ ಬಣಬಣ ಅನಸ್ತೈತಿ,” ಅಂದಳು ಗಂಗಾದೇವಿ ಒಂದು ದಿನ. ಕಾಂತಾ ಹೋದದ್ದಕ್ಕೆ ಹೇಳಿದಳು ಎಂದು ಅವನು ತಿಳಿದುಕೊಂಡ. ಅವಳು ಒಲೆ ಊದುತ್ತ ಸೇರಿಸಿದಳು: “ಮುಂಜಾನೆ ಆತು ಅಂತನೂ ಗೊತ್ತಾಗಂಗಿಲ್ಲ ಈಗ.”

ಕಲ್ಲಯ್ಯ ದಿಗಂಬರರಾಯರಿಗೆ ಪೂರಾ ಕೆಲಸಕ್ಕೆ ಬರುತ್ತೇನೆಂದು ಹೇಳಿಕಳುಹಿಸಿದ. ಖಾನಾಪುರಕ್ಕೆ ಹೊರಟ ಬೆಳಿಗ್ಗೆ ಬೆಳಗಾವಿ ಸ್ಟೇಶನ್ನಿನಲ್ಲಿ ಅವನ ಗಾಡಿ ಇನ್ನೂ ಬಂದಿರಲಿಲ್ಲ. ಪುಣೆಯ ಕಡೆ ಹೋಗುವ ಗಾಡಿ ನಿಂತಿತ್ತು. ಅದರ ಒಂದು ಡಬ್ಬಿಯ ಮುಂದೆ ಮಿನೇಜಿಸ್ ಮಾಸ್ತರರು, ಪಿಟೀಲಿನವರು, ಕ್ಲಾರಿಯೋನೆಟ್ಟಿನವನು, ಎಲ್ಲರ ಹೆಂಡಿರು ಮಕ್ಕಳು, ಹಾಸಿಗೆಯ ಸುರುಳಿಗಳು. ಇವತ್ತೇ ಹೊರಡುತ್ತಾರೆಂದು ಅವನಿಗೆ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ. ಹೇಳಿದರೆ ಅವನಿಗೆ ನೋವಾದೀತೆಂದು ಸುಮ್ಮನಾಗಿದ್ದರು.

ಹುಬ್ಬಳ್ಳಿಯಿಂದ ಬಂದವನು ಟ್ರಾಂಬೋನಿನ ಪೆಟ್ಟಿಗೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದ. ಕಲ್ಲಯ್ಯನ ಪರಿಚಯವಾದ ಮೇಲೆ ಅವನು ಸಂಕೋಚದಿಂದ ಕೇಳಿದ: “ಕೊಳವಿ ಪೂರಾ ಜಗ್ಗಿದಾಗ ಕೊನೀಗೆ ಸ್ವಲ್ಪ ಬಿಗಿ ಹಿಡೀತೈತಲ್ರಿ?”

“ಚಳಿಯಾಗ ಹಿಡೀತೈತಿ. ಎಣ್ಣಿ ಹಚ್ಚರಿ. ಬಾಳ ಬ್ಯಾಡ, ಒಂದ ಹನಿ.”

“ಉಪಕಾರ ಆತ್ರಿ.”

ಇಷ್ಟೇ ಮಾತು. ಆದರೆ ಟ್ರಾಂಬೋನ್ ಊದುವ ಇನ್ನೊಬ್ಬನೊಡನೆ ಕಲ್ಲಯ್ಯ ಮಾತಾಡಿ ಎಷ್ಟೋ ವರ್ಷವಾಗಿತ್ತು. ಇನ್ನೂ ಏನೇನೋ ಹೇಳಬೇಕೆನ್ನಿಸಿತು. ಅಷ್ಟರಲ್ಲಿ ಗಂಟೆ ಬಾರಿಸಿದರು. ಮಾಸ್ತರರು ಅವನ ಹೆಗಲನ್ನು ಒಮ್ಮೆ ಅದುಮಿ ಡಬ್ಬಿ ಹತ್ತಿದರು. ಆ ಗಾಡಿ ಹೋದ ಮೇಲೆ ಅವನು ಬ್ಯಾಗು ಕೆಳಗಿಟ್ಟು ಅದರ ಮೇಲೆ ಕುಳಿತ. ಖಾನಾಪುರದ ಗಾಡಿ ಬರುವವರೆಗೆ ಹಾಗೆಯೇ ಕುಳಿತಿದ್ದ.

ಸಾಲೆಯ ಹಿಂದಿನ ಖೋಲಿಗೆ ಒಂದು ಬಾಗಿಲು, ಒಂದು ಕಿಟಕಿ. ಗಂಗಾದೇವಿ ಕಟ್ಟಿಕೊಟ್ಟಿದ್ದ ನುಚ್ಚಿನ ಗಂಟನ್ನು ಗೂಟಕ್ಕೆ ತೂಗುಹಾಕಿ, ಮುಖ ತೊಳೆದು ಅವನು ತರಗತಿಗೆ ಹೋದ. ಹುಡುಗರು ಎದ್ದು ನಿಂತರು. ಅವನ ಬರಿಗೈ ನೋಡಿ ಒಬ್ಬರನ್ನೊಬ್ಬರು ನೋಡಿಕೊಂಡರು. ಮೊದಲೆಲ್ಲ ಅವನು ಕೊಳವೆ ಎಳೆದು ಒಂದು ಸ್ವರ ಊದುತ್ತಿದ್ದ, ಅವರು ಆ ಸ್ವರ ಹಿಡಿದು ಹಾಡುತ್ತಿದ್ದರು. ಈಗ ದನಿಯಿಂದಲೇ ತೋರಿಸಬೇಕು. ಅವನು ಗಂಟಲು ಸರಿಮಾಡಿಕೊಂಡು ಷಡ್ಜದ ‘ಸಾ’ವನ್ನು ಉದ್ದಕ್ಕೆ ಹಿಡಿದ.

“ಥಾ...”

ಅವನಿಗೇ ಗಾಬರಿಯಾಯಿತು. ಹುಡುಗರಿಗೆ ಆಗಲಿಲ್ಲ. ಮಾಸ್ತರರು ಹೇಳಿದ್ದನ್ನು ಹೇಳಬೇಕು ಎನ್ನುವುದಷ್ಟೇ ಅವರಿಗೆ ಗೊತ್ತು. ಅಷ್ಟೂ ಹುಡುಗರು ಎದೆಯುಬ್ಬಿಸಿ ಒಂದೇ ದನಿಯಲ್ಲಿ, “ಥಾ...” ಎಂದರು.

“ಥಾ ಅಲ್ಲ,” ಕಲ್ಲಯ್ಯ ನಾಲಿಗೆಯನ್ನು ಬಿಗಿಹಿಡಿದು, ನಿಧಾನವಾಗಿ, ತಿದ್ದಿ ಹೇಳಿದ. “ಥಾ.”

“ಥಾ ಅಲ್ಲ, ಥಾ!” ಎಂದು ತರಗತಿ ಕೂಗಿತು.

ಬಾಗಿಲಲ್ಲಿ ಬಂದು ನಿಂತಿದ್ದ ದಿಗಂಬರರಾಯರು ಅವನ ಮುಖ ನೋಡಿ ಒಳಗೆ ಬಾರದೆ ಹಿಂದೆ ಸರಿದರು. ಕಲ್ಲಯ್ಯ ತುಟಿಗೆ ಅಡ್ಡ ಹಿಡಿದಿದ್ದ ಕೈಯನ್ನು ಕೆಳಗಿಳಿಸಿದ. ಹುಡುಗರ ದನಿ ಒಂದಕ್ಕೊಂದು ಹೊಂದಿಕೊಂಡು ತರಗತಿಯಲ್ಲಿ ಇನ್ನೂ ನಿಂತಿತ್ತು. ಸ್ವರ ಸರಿಯಾಗಿಯೇ ಇತ್ತು. ಅವನು ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕಿ ಮುಂದಿನದಕ್ಕೆ ಹೋದ. ರಿ ಎನ್ನಲು ಹಲ್ಲು ಬೇಕಾಗಿರಲಿಲ್ಲ.